ಹಳೆಯ ಸೈಕಲ್ಲಿನ ಬಿಡದ ಭಾಗಗಳನ್ನು ಮುರಿಯದೆ ಬಿಚ್ಚುವುದು ಹೇಗೆ?

ಅಟ್ಟದಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ವರ್ಷಗಟ್ಟಲೆ ಒರಗಿ ನಿಂತ ಸೈಕಲ್ಲನ್ನು ಮತ್ತೆ ರಸ್ತೆಗೆ ತರಲು ಹೊರಟವರು ಕೈಚೆಲ್ಲಿ ಕೂರುವ ಜಾಗಗಳು ಹೆಚ್ಚೇನಿಲ್ಲ. ಪೆಡಲ್, ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಕಾಟರ್ ಪಿನ್, ಕ್ರ್ಯಾಂಕ್ ಅಚ್ಚಿನ ಬಲಗಡೆಯ ಕಪ್ (ಬೇರಿಂಗ್ ಗುಂಡುಗಳು ಓಡುವ ಬಟ್ಟಲು), ಹ್ಯಾಂಡಲ್, ಸೀಟಿನ ಕಂಬ, ಹಿಂಚಕ್ರದ ಫ್ರೀವೀಲ್ (ಚೈನ್ ಕೂರುವ ಹಲ್ಲುಚಕ್ರ). ಮಿಕ್ಕ ನಟ್ಟು ಬೋಲ್ಟುಗಳು ಎಣ್ಣೆ ಕುಡಿದು ಒಂದಲ್ಲ ಒಂದು ದಿನ ಬಿಡುತ್ತವೆ. ಬಿಡದಿದ್ದರೆ ಕತ್ತರಿಸಿ ಹೊಸದು ಹಾಕಿದರಾಯಿತು. ಆದರೆ ಈ ಆರು ಕಡೆ ದಿಕ್ಕು ತಪ್ಪಿ ತಿರುಗಿಸಿದರೆ, ಅಥವಾ ಆಸರೆ ಕೊಡದೆ ಹೊಡೆದರೆ, ಮತ್ತೆ ಸಿಗದ ಭಾಗವೇ ಹಾಳಾಗುತ್ತದೆ.

ಇಲ್ಲಿ ಹೇಳುತ್ತಿರುವುದು 28 ಇಂಚಿನ ಚಕ್ರದ, ರಾಡ್ ಬ್ರೇಕಿನ, ಭಾರದ ಕರಿ ಸೈಕಲ್ಲಿನ ಬಗ್ಗೆ. ನಾಟಿಂಗ್‌ಹ್ಯಾಮಿನಿಂದ ಬಂದ ರ‍್ಯಾಲಿ ಇರಲಿ, 1949ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಟಿ.ಐ. ಸೈಕಲ್ಸ್‌ನ ಹರ್ಕ್ಯುಲಿಸ್ ಇರಲಿ, 1951ರಿಂದ ಸೋನಿಪತ್‌ನಲ್ಲಿ ತಯಾರಾದ ಅಟ್ಲಾಸ್ ಇರಲಿ, 1956ರಲ್ಲಿ ಶುರುವಾದ ಲುಧಿಯಾನದ ಹೀರೊ ಇರಲಿ, ಎಲ್ಲದರ ಎಲುಬು ಒಂದೇ ಇಂಗ್ಲಿಷ್ ಮಾದರಿಯದು. ಹಾಗಾಗಿ ಒಂದರಲ್ಲಿ ನಡೆಯುವ ಉಪಾಯ ಬಹುಮಟ್ಟಿಗೆ ಇನ್ನೊಂದರಲ್ಲೂ ನಡೆಯುತ್ತದೆ.

ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಲೆಕ್ಕ ಮನಸ್ಸಿನಲ್ಲಿರಲಿ. ಅಂಟಿಕೊಂಡ ಜಾಗದಲ್ಲಿ ಯಾವಾಗಲೂ ಎರಡು ಭಾಗಗಳಿರುತ್ತವೆ. ಒಂದು ಅಗ್ಗದ್ದು, ಯಾವ ಸೈಕಲ್ ಶಾಪಿನಲ್ಲೂ ಸಿಗುವಂಥದ್ದು. ಇನ್ನೊಂದು ದುಬಾರಿಯದು, ಇಲ್ಲವೇ ಎಲ್ಲೂ ಸಿಗದ್ದು. ಕಾಟರ್ ಪಿನ್ ಹೋದರೆ ಹೋಗಲಿ, ಕ್ರ್ಯಾಂಕ್ ಉಳಿಯಬೇಕು. ಫ್ರೀವೀಲ್ ಹೋದರೆ ಹೋಗಲಿ, ಚಕ್ರದ ನಡುವಿನ ಹಬ್ ಉಳಿಯಬೇಕು. ಸೀಟಿನ ಕಂಬ ಹೋದರೆ ಹೋಗಲಿ, ಫ್ರೇಮ್ ಉಳಿಯಬೇಕು. ಪೆಟ್ಟು, ಗರಗಸ, ಡ್ರಿಲ್ ಎಲ್ಲವೂ ಅಗ್ಗದ ಭಾಗದ ಮೇಲೆಯೇ ಬೀಳಬೇಕು. ಇದನ್ನು ಮರೆತು ದುಬಾರಿ ಭಾಗಕ್ಕೆ ಹೊಡೆದು ಒಳ್ಳೆಯ ಫ್ರೇಮುಗಳನ್ನು ಗುಜರಿಗೆ ಕಳಿಸಿದ್ದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಕೈಗೆಟುಕುವಂತೆ ಇರಬೇಕಾದವು

ಸುಮಾರು ಒಂದು ಕಿಲೋ ತೂಕದ ಸುತ್ತಿಗೆ. ಮೊಳೆ ಹೊಡೆಯುವ ಸಣ್ಣ ಸುತ್ತಿಗೆ ಇಲ್ಲಿ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ, ಕಾರಣ ಮುಂದೆ ಹೇಳುತ್ತೇನೆ. ಸರಿಯಾದ ಅಳತೆಯ ರಿಂಗ್ ಸ್ಪ್ಯಾನರುಗಳು, ಪೆಡಲಿಗೆ 15 ಮಿ.ಮೀ. ತೆಳು ಸ್ಪ್ಯಾನರ್, ಮೊಂಡು ಮೂತಿಯ ಒಂದು ಪಂಚ್, ಹ್ಯಾಕ್ಸಾ, ಅರ, ಇಕ್ಕಳ, ಮರದ ಒಂದು ತುಂಡು, ಅರ್ಧ ಇಂಚಿನ ಜಿ.ಐ. ನೀರಿನ ಪೈಪಿನ ಒಂದು ಅಡಿ ತುಂಡು. ಸ್ಪ್ಯಾನರಿನ ಹಿಡಿಕೆಗೆ ತೊಡಿಸಲು ಉದ್ದನೆಯ ಇನ್ನೊಂದು ಪೈಪ್ ಇದ್ದರೆ ಒಳ್ಳೆಯದು. ಬೆಂಚ್ ವೈಸ್ ಮನೆಯಲ್ಲಿ ಇಲ್ಲದಿದ್ದರೆ ಚಿಂತೆಯಿಲ್ಲ. ಹತ್ತಿರದ ವೆಲ್ಡಿಂಗ್ ಶಾಪಿನಲ್ಲಿ ಇದ್ದೇ ಇರುತ್ತದೆ, ಕೇಳಿದರೆ ಹತ್ತು ನಿಮಿಷ ಬಿಟ್ಟುಕೊಡುತ್ತಾರೆ.

ಹಲವು ರಂಧ್ರಗಳ ಸೈಕಲ್ ಸ್ಪ್ಯಾನರ್ ಮತ್ತು ಅಡ್ಜಸ್ಟಬಲ್ ಸ್ಪ್ಯಾನರ್ ಎರಡನ್ನೂ ಪಕ್ಕಕ್ಕಿಡಿ. ಜೋಡಿಸುವಾಗ ಅವು ಸಾಕು. ತುಕ್ಕು ಹಿಡಿದ ನಟ್ಟಿನ ಮೂಲೆಗಳನ್ನು ಸವೆಸುವುದರಲ್ಲಿ ಅವುಗಳಷ್ಟು ಚುರುಕಾದ ಉಪಕರಣ ಬೇರೆ ಇಲ್ಲ.

ಕನ್ನಡಕ ಹಾಕಿಕೊಳ್ಳದೆ ಸುತ್ತಿಗೆ ಎತ್ತಬೇಡಿ. ಗಟ್ಟಿ ಉಕ್ಕಿಗೆ ಉಕ್ಕು ಬಡಿದಾಗ ಚೂರು ಸಿಡಿಯುವುದು ಕಣ್ಣಿಗೆ ಕಾಣಿಸುವುದೂ ಇಲ್ಲ.

ಮೊದಲು ಎಣ್ಣೆ, ಆಮೇಲೆ ಸಹನೆ

ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಹಾಗಾಗಿಯೇ ಒಂದು ಕಾಲಕ್ಕೆ ಸಲೀಸಾಗಿ ಜಾರುತ್ತಿದ್ದ ಕಂಬ ತನ್ನ ಕೊಳವೆಯಲ್ಲಿ ಬಿಗಿದುಕೊಳ್ಳುತ್ತದೆ. ಎಲ್ಲ ಸೈಕಲ್ಲಿನ ಕಾಯಿಲೆಯೂ ಇದೇ ಎಂದು ತಿಳಿಯಬಾರದು. ಕಾರವಾರ, ಮಂಗಳೂರಿನ ಕಡಲಗಾಳಿಯಲ್ಲಿ ನಿಂತ ಸೈಕಲ್ಲಿಗೆ ನಿಜವಾದ ತುಕ್ಕು ಹಿಡಿದಿರುತ್ತದೆ. ಒಣಹವೆಯ ಬಯಲುಸೀಮೆಯ ಸೈಕಲ್ಲಿನಲ್ಲಿ ಅನೇಕ ಸಲ ಹಳೆಯ ಗ್ರೀಸೇ ಧೂಳಿನೊಂದಿಗೆ ಕಲೆತು ಗಟ್ಟಿಯಾಗಿರುತ್ತದೆ. ಅದಕ್ಕೆ ಸೀಮೆಎಣ್ಣೆ ಮತ್ತು ಕುದಿಯುವ ನೀರೇ ಸಾಕಾಗಬಹುದು. ಮೊದಲು ಸಂದಿಯನ್ನು ಕೆರೆದು ನೋಡಿ. ಕೆಂಪು ಪುಡಿ ಬಂದರೆ ತುಕ್ಕು, ಕಪ್ಪು ಮೇಣ ಬಂದರೆ ಗ್ರೀಸ್.

ತುಕ್ಕಿಗೆ ಅಂಗಡಿಯಲ್ಲಿ ಸಿಗುವ, ಸಂದಿಗಿಳಿಯುವ ತೆಳು ಎಣ್ಣೆ ಒಳ್ಳೆಯದು. ಡಬ್ಲ್ಯುಡಿ-40 ಮಾದರಿಯ ಸ್ಪ್ರೇ ಎಲ್ಲ ಕಡೆ ಸಿಗುತ್ತದೆ. ಇಲ್ಲವಾದರೆ ಸೀಮೆಎಣ್ಣೆ ಅಥವಾ ಡೀಸೆಲ್‌ಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿಕೊಳ್ಳಿ. ಅಡುಗೆ ಎಣ್ಣೆ ಬೇಡವೇ ಬೇಡ, ದಿನ ಕಳೆದಂತೆ ಅಂಟಾಗುತ್ತದೆ. ಎಣ್ಣೆಯನ್ನು ಒಮ್ಮೆಗೇ ಸುರಿಯುವುದರಿಂದ ಲಾಭವಿಲ್ಲ. ಬೆಳಿಗ್ಗೆ ಸಂಜೆ ನಾಲ್ಕು ನಾಲ್ಕು ಹನಿ ಬಿಡಿ. ಬಿಟ್ಟ ಮೇಲೆ ಸುತ್ತಿಗೆಯಿಂದ ಹಗುರವಾಗಿ ಟಕಟಕ ತಟ್ಟಿ. ಆ ಅದುರಿಗೆ ತುಕ್ಕಿನ ಪದರ ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಮೂರು ನಾಲ್ಕು ದಿನ ಹೀಗೆ ಮಾಡಿ. ಒಂದು ವಾರ ಬೇಕಾದರೂ ಆಗಲಿ. ಇಷ್ಟು ವರ್ಷ ಮೂಲೆಯಲ್ಲಿ ನಿಂತ ಸೈಕಲ್ಲಿಗೆ ಒಂದು ವಾರ ದೊಡ್ಡದಲ್ಲ.

ಬಿಸಿ ಮಾಡುವುದಿದ್ದರೆ ಹೊರಗಿನ ಭಾಗವನ್ನು ಬಿಸಿ ಮಾಡಬೇಕು, ಅದು ಹಿಗ್ಗಿ ಒಳಗಿನದನ್ನು ಬಿಡಬೇಕು. ಕುದಿಯುವ ನೀರನ್ನು ಬಟ್ಟೆ ಸುತ್ತಿದ ಜಾಗಕ್ಕೆ ಸುರಿಯುವುದು ಎಲ್ಲಕ್ಕಿಂತ ಸುರಕ್ಷಿತ. ಬ್ಲೋ ಲ್ಯಾಂಪ್ ಹಿಡಿಯುವವರು ಎರಡು ವಿಷಯ ತಿಳಿದಿರಬೇಕು. ಸೀಮೆಎಣ್ಣೆ, ಡೀಸೆಲ್ ಅಥವಾ ಸ್ಪ್ರೇ ಬಿಟ್ಟ ಜಾಗಕ್ಕೆ ಬೆಂಕಿ ತೋರಿಸಲೇಬಾರದು. ಇನ್ನೊಂದು, ಈ ಫ್ರೇಮುಗಳ ಕೊಳವೆಗಳನ್ನು ಲಗ್ ಎಂಬ ತೋಳುಗಳಿಗೆ ಹಿತ್ತಾಳೆ ಕರಗಿಸಿ ಬೆಸೆದಿರುತ್ತಾರೆ. ಜಾಗ ಕೆಂಪಗಾಗುವಷ್ಟು ಕಾಯಿಸಿದರೆ ಬೆಸುಗೆಗೇ ಅಪಾಯ. ಬಣ್ಣವಂತೂ ಹೋಗಿಯೇ ಹೋಗುತ್ತದೆ.

ಯಾವುದು ಮೊದಲು, ಯಾವುದು ಆಮೇಲೆ

ಸೈಕಲ್ ಇಡಿಯಾಗಿ ನಿಂತಿರುವಾಗಲೇ ಬಿಗಿಯಾದ ಭಾಗಗಳನ್ನೆಲ್ಲ ಒಂದು ಸುತ್ತು ಸಡಿಲಿಸಿಕೊಳ್ಳಿ. ಬಿಚ್ಚಿ ಚೆಲ್ಲಿದ ಮೇಲೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಕ್ರ್ಯಾಂಕ್ ಕಳಚುವ ಮೊದಲು ಪೆಡಲ್. ಮುಂಚಕ್ರ ತೆಗೆಯುವ ಮೊದಲು ಹ್ಯಾಂಡಲ್, ಏಕೆಂದರೆ ಆ ಚಕ್ರವನ್ನೇ ಮೊಣಕಾಲ ನಡುವೆ ಹಿಡಿದು ತಿರುಚಬೇಕು. ಹಿಂಚಕ್ರದ ರಿಮ್ ಬದಲಿಸುವ ಯೋಚನೆಯಿದ್ದರೂ ಫ್ರೀವೀಲ್ ಬರುವ ತನಕ ಒಂದು ಕಡ್ಡಿಯನ್ನೂ ಕತ್ತರಿಸಬೇಡಿ. ಕಡ್ಡಿ ಕಳೆದುಕೊಂಡ ಹಬ್‌ನಿಂದ ಫ್ರೀವೀಲ್ ತೆಗೆಯುವುದು ಬಹುತೇಕ ಆಗದ ಮಾತು.

ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೊ ಮೊಬೈಲಿನಲ್ಲಿ ತೆಗೆದಿಡಿ. ರಾಡ್ ಬ್ರೇಕಿನ ಸರಳುಗಳು, ಸಣ್ಣ ಕೊಂಡಿಗಳು, ವಾಷರುಗಳು ಯಾವ ಕ್ರಮದಲ್ಲಿದ್ದವು ಎಂಬುದು ಎರಡೇ ದಿನದಲ್ಲಿ ಮರೆತುಹೋಗುತ್ತದೆ.

ಪೆಡಲ್

ಬಲ ಪೆಡಲಿನ ಥ್ರೆಡ್ ಸಾಮಾನ್ಯದ್ದು, ಎಡ ಪೆಡಲಿನದು ಉಲ್ಟಾ. ಗೊಂದಲವಾದರೆ ಹೀಗೆ ನೆನಪಿಡಿ: ಸ್ಪ್ಯಾನರನ್ನು ಮೇಲ್ಮುಖವಾಗಿ ನಿಲ್ಲಿಸಿ, ಅದರ ತುದಿಯನ್ನು ಹಿಂಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲ್ ಬಿಚ್ಚಿಕೊಳ್ಳುತ್ತವೆ. ಬಲಗಡೆಯಾದರೂ ಸರಿ, ಎಡಗಡೆಯಾದರೂ ಸರಿ.

ಹಾಗೆ ಎಳೆದಾಗ ಕ್ರ್ಯಾಂಕ್ ಹಿಂದಕ್ಕೆ ಸುತ್ತಿ ಸ್ಪ್ಯಾನರ್ ಜಾರುವುದುಂಟು. ಅದಕ್ಕೆ ಪೆಡಲನ್ನು ಮುಂದಕ್ಕೆ ತಂದು ಕ್ರ್ಯಾಂಕನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ. ಸ್ಪ್ಯಾನರಿನ ಹಿಡಿಕೆ ಹಿಂದಕ್ಕೆ ಚಾಚಿ, ಕ್ರ್ಯಾಂಕಿಗಿಂತ ತುಸು ಮೇಲೆ ಬರುವಂತೆ ಕೂರಿಸಿ. ಈಗ ಹಿಡಿಕೆ ಮತ್ತು ಕ್ರ್ಯಾಂಕ್ ಎರಡನ್ನೂ ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಬಲವೆಲ್ಲ ಥ್ರೆಡ್ಡಿಗೇ ಹೋಗುತ್ತದೆ, ಸೈಕಲ್ ಅಲುಗುವುದಿಲ್ಲ. ಬಿಡದಿದ್ದರೆ ಹಿಡಿಕೆಗೆ ಪೈಪ್ ತೊಡಿಸಿ. ಥ್ರೆಡ್ಡಿನ ಒಳತುದಿ ಕ್ರ್ಯಾಂಕಿನ ಹಿಂಬದಿಯಲ್ಲಿ ಕಾಣುತ್ತದೆ. ಎಣ್ಣೆ ಬಿಡಬೇಕಾದದ್ದು ಅಲ್ಲಿಂದಲೂ ಹೌದು. ಇದನ್ನು ಬಹಳ ಮಂದಿ ಮಾಡುವುದಿಲ್ಲ.

ಕಾಟರ್ ಪಿನ್

ಇಡೀ ಕೆಲಸದ ಪರೀಕ್ಷೆ ಇದೇ. ಕ್ರ್ಯಾಂಕನ್ನು ಅಚ್ಚಿಗೆ ಕಟ್ಟಿಹಾಕಿರುವುದು ಬೆರಳು ಗಾತ್ರದ, ಒಂದು ಮಗ್ಗುಲು ಇಳಿಜಾರಾಗಿ ಚಪ್ಪಟೆಯಾದ ಒಂದು ಪಿನ್. ಅದು ಬೆಣೆಯಾಗಿ ಕೆಲಸ ಮಾಡುತ್ತದೆ. ಪೆಡಲ್ ತುಳಿದಷ್ಟೂ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಸಣ್ಣ ಸುತ್ತಿಗೆಯಲ್ಲಿ ಹತ್ತಿಪ್ಪತ್ತು ಪೆಟ್ಟು ಹೊಡೆದಾಗ ಆಗುವುದಿಷ್ಟು: ಪಿನ್ನಿನ ತುದಿ ಅಣಬೆಯಾಗಿ ಅರಳುತ್ತದೆ, ಥ್ರೆಡ್ ಇರುವ ಭಾಗ ಬಾಗುತ್ತದೆ, ಪಿನ್ ಮಾತ್ರ ಇದ್ದಲ್ಲೇ ಇರುತ್ತದೆ. ಆಸರೆಯಿಲ್ಲದ ಕ್ರ್ಯಾಂಕ್ ಪ್ರತಿ ಪೆಟ್ಟಿಗೂ ಕೆಳಗೆ ಕುಸಿಯುವುದರಿಂದ ಬಲವೆಲ್ಲ ಅಚ್ಚು, ಗುಂಡು, ಕಪ್‌ಗಳಿಗೆ ಬಡಿದು ಅಲ್ಲಿ ಗುಳಿ ಬೀಳುತ್ತವೆ. ಆ ಗುಳಿಗಳು ಮುಂದೆ ಪೆಡಲ್ ತುಳಿದಾಗಲೆಲ್ಲ ಕಟಕಟ ಎನ್ನುತ್ತವೆ.

ಹಾಗಾಗಿ ಆಸರೆ ಮೊದಲು. ಕ್ರ್ಯಾಂಕನ್ನು ಅಡ್ಡಲಾಗಿ, ಪಿನ್ನಿನ ನಟ್ಟು ಮೇಲ್ಮುಖವಾಗುವಂತೆ ನಿಲ್ಲಿಸಿ. ಅರ್ಧ ಇಂಚಿನ ನೀರಿನ ಪೈಪನ್ನು ನೆಲದಿಂದ, ಪಿನ್ ಹಾಯುವ ಕ್ರ್ಯಾಂಕಿನ ದಪ್ಪ ಕಣ್ಣಿನವರೆಗೆ ಸರಿಯಾಗಿ ಮುಟ್ಟುವ, ಅಥವಾ ಚಕ್ರ ಕೂದಲೆಳೆಯಷ್ಟು ಮೇಲೆದ್ದು ಸೈಕಲ್ಲಿನ ಭಾರ ಅದರ ಮೇಲೆಯೇ ಕೂರುವ ಉದ್ದಕ್ಕೆ ಕತ್ತರಿಸಿ. ಪಿನ್ನಿನ ಕೆಳತುದಿ ಪೈಪಿನ ಬಾಯೊಳಗೆ ಇಳಿಯಬೇಕು, ಕ್ರ್ಯಾಂಕಿನ ಕಣ್ಣು ಪೈಪಿನ ಅಂಚಿನ ಮೇಲೆ ಕೂರಬೇಕು. ಪೈಪಿನ ಕೆಳಗೆ ಗಟ್ಟಿ ನೆಲವಿರಲಿ. ಮಣ್ಣಿನ ನೆಲವಾದರೆ ಚಪ್ಪಡಿ ಕಲ್ಲೋ ಕಬ್ಬಿಣದ ತುಂಡೋ ಇಡಿ. ಸೈಕಲ್ಲನ್ನು ಇನ್ನೊಬ್ಬರು ನೇರವಾಗಿ ಹಿಡಿದುಕೊಂಡರೆ ಕೆಲಸ ಹಗುರ.

ಈಗ ನಟ್ಟು. ಅದನ್ನು ಪೂರ್ತಿ ತೆಗೆಯಬೇಡಿ. ನಟ್ಟಿನ ಮೇಲ್ಮುಖ ಪಿನ್ನಿನ ತುದಿಗೆ ಸರಿಸಮವಾಗುವವರೆಗೆ, ಇಲ್ಲವೇ ನೂಲಿನಷ್ಟು ಮೇಲೆ ಬರುವವರೆಗೆ ಸಡಿಲಿಸಿ ವಾಷರ್‌ ಮತ್ತು ನಟ್ಟಿನ ನಡುವೆ ಜಾಗವಾಗುವಂತೆ ನೋಡಿಕೊಳ್ಳಿ. ಹೊಡೆತ ನಟ್ಟು ಮತ್ತು ಪಿನ್ ಎರಡರ ಮೇಲೂ ಸಮನಾಗಿ ಬಿದ್ದರೆ ಥ್ರೆಡ್ ಚಪ್ಪಟೆಯಾಗುವುದಿಲ್ಲ.

ಆಮೇಲೆ ಒಂದೇ ಪೆಟ್ಟು. ಒಂದು ಕಿಲೋದ ಸುತ್ತಿಗೆಯನ್ನು ಭುಜದಿಂದ ಎತ್ತಿ, ನೇರವಾಗಿ, ಅನುಮಾನವಿಲ್ಲದೆ ಇಳಿಸಿ. ಬಿಟ್ಟರೆ ಸದ್ದೇ ಬದಲಾಗುತ್ತದೆ, ಠಣ್ ಎನ್ನುತ್ತಿದ್ದದ್ದು ಧಡ್ ಎನ್ನುತ್ತದೆ, ನಟ್ಟು ಕೆಳಗಿಳಿದು ವಾಷರಿಗೆ ತಾಗುತ್ತದೆ. ನಟ್ಟು ತೆಗೆದು ಪಂಚ್ ಇಟ್ಟು ತಟ್ಟಿದರೆ ಪಿನ್ ಪೈಪಿನೊಳಗೆ ಬೀಳುತ್ತದೆ. ಮೂರು ಒಳ್ಳೆಯ ಪೆಟ್ಟಿಗೂ ಬಿಡದಿದ್ದರೆ ನಿಲ್ಲಿಸಿ, ಇನ್ನೆರಡು ದಿನ ಎಣ್ಣೆ ಕುಡಿಸಿ, ಹೊಡೆಯುವ ಮುನ್ನ ಎಣ್ಣೆ ಒರೆಸಿ ಕ್ರ್ಯಾಂಕಿನ ಕಣ್ಣಿಗೆ ಕುದಿಯುವ ನೀರು ಸುರಿಯಿರಿ.

ಸುತ್ತಿಗೆ ಬೇಡವೆನ್ನುವವರಿಗೆ ಇನ್ನೊಂದು ದಾರಿ ಇದೆ. ದೊಡ್ಡ ಜಿ-ಕ್ಲ್ಯಾಂಪ್ ತೆಗೆದುಕೊಂಡು, ಪಿನ್ನಿನ ತಲೆಯ ಕಡೆಗೆ ಅದು ಒಳಹೋಗುವಷ್ಟು ಅಗಲದ ಸಾಕೆಟ್ ಇಟ್ಟು, ಥ್ರೆಡ್ಡಿನ ಕಡೆಯಿಂದ ಕ್ಲ್ಯಾಂಪಿನ ತಿರುಪನ್ನು ಬಿಗಿ ಮಾಡುವುದು. ಪೂರ್ತಿ ಬಿಗಿಯಾದ ಮೇಲೆ ಕ್ರ್ಯಾಂಕಿನ ಕಣ್ಣಿಗೆ ಬದಿಯಿಂದ ಹಗುರವಾಗಿ ತಟ್ಟಿದರೆ ಅನೇಕ ಸಲ ಪಿನ್ ಜಿಗಿದುಬಿಡುತ್ತದೆ. ಗುಂಡು, ಕಪ್‌ಗಳಿಗೆ ಪೆಟ್ಟೇ ಬೀಳದ ಈ ದಾರಿ ನನಗೆ ಹೆಚ್ಚು ಇಷ್ಟ, ಒಳ್ಳೆಯ ಕ್ಲ್ಯಾಂಪ್ ಇದ್ದರೆ.

ಪಿನ್ನಿನ ತುದಿ ಬಾಗಿಹೋಗಿದ್ದರೆ ಅದನ್ನು ನೆಟ್ಟಗೆ ಮಾಡಲು ಹೋಗಬೇಡಿ, ಮುರಿಯುತ್ತದೆ. ಹ್ಯಾಕ್ಸಾದಿಂದ ಕ್ರ್ಯಾಂಕಿನ ಮಟ್ಟಕ್ಕೆ ಕತ್ತರಿಸಿ, ಉಳಿದ ಮುಖದ ನಟ್ಟನಡುವೆ ಪಂಚ್‌ನಿಂದ ಗುರುತು ಹಾಕಿ, 4 ಮಿ.ಮೀ. ಡ್ರಿಲ್‌ನಿಂದ ಶುರುಮಾಡಿ 6 ಮಿ.ಮೀ.ವರೆಗೆ ರಂಧ್ರ ಕೊರೆಯಿರಿ. ಒಳಗೆ ಟೊಳ್ಳಾದ ಪಿನ್ನಿನ ಬಿಗಿತ ಇಳಿಯುತ್ತದೆ. ಮತ್ತೆ ಪೈಪಿನ ಆಸರೆ ಕೊಟ್ಟು ಮೊಂಡು ಪಂಚ್‌ನಿಂದ ಹೊಡೆದರೆ ಬರುತ್ತದೆ. ಡ್ರಿಲ್ ಓರೆಯಾಗಿ ಕ್ರ್ಯಾಂಕನ್ನು ತಿನ್ನದಂತೆ ನಿಧಾನವಾಗಿ ನಡೆಸಬೇಕು.

ಬಿಚ್ಚಿದ ಹಳೆಯ ಪಿನ್ನನ್ನು ಎಸೆಯದೆ ಅಂಗಡಿಗೆ ಒಯ್ಯಿರಿ. 9 ಮತ್ತು 9.5 ಮಿ.ಮೀ. ಎಂದು ಎರಡು ದಪ್ಪಗಳು ಬಳಕೆಯಲ್ಲಿವೆ, ಚಪ್ಪಟೆ ಮಗ್ಗುಲಿನ ಇಳಿಜಾರಿನಲ್ಲೂ ವ್ಯತ್ಯಾಸವಿರುತ್ತದೆ. ಕಣ್ಣಳತೆಯಲ್ಲಿ ತಂದದ್ದು ಕೂರುವುದಿಲ್ಲ.

ಬಲಗಡೆಯ ಕಪ್

ಕ್ರ್ಯಾಂಕ್ ಬಂದ ಮೇಲೆ ಎಡಗಡೆ ಒಂದು ಲಾಕ್ ರಿಂಗ್, ಅದರೊಳಗೆ ಒಂದು ಕಪ್ ಕಾಣುತ್ತದೆ. ರಿಂಗಿನ ಕಚ್ಚಿಗೆ ಪಂಚ್ ಇಟ್ಟು ಗಡಿಯಾರದ ವಿರುದ್ಧ ದಿಕ್ಕಿಗೆ ತಟ್ಟಿದರೆ ರಿಂಗ್, ಹಿಂದೆಯೇ ಕಪ್ ಎರಡೂ ಬರುತ್ತವೆ. ಗುಂಡುಗಳು ಉರುಳಿ ಹೋಗುತ್ತವೆ, ಕೆಳಗೆ ಬಟ್ಟೆ ಹಾಸಿರಿ.

ಬಲಗಡೆಯದನ್ನು ನಿಜಕ್ಕೂ ತೆಗೆಯಬೇಕೇ ಎಂದು ಮೊದಲು ಪರೀಕ್ಷಿಸಿ. ಎಡಗಡೆಯಿಂದ ಬಟ್ಟೆ ತುರುಕಿ ಅದನ್ನು ಇದ್ದಲ್ಲೇ ಒರೆಸಿ, ಬಾಲ್ ಪೆನ್ನಿನ ತುದಿಯನ್ನು ಗುಂಡು ಓಡುವ ಜಾಡಿನ ಮೇಲೆ ಸುತ್ತಲೂ ಎಳೆಯಿರಿ. ತುದಿ ನುಣುಪಾಗಿ ಜಾರಿದರೆ ಕಪ್ ಚೆನ್ನಾಗಿದೆ, ಬಿಟ್ಟುಬಿಡಿ. ಎಲ್ಲಾದರೂ ತಡವರಿಸಿದರೆ ಅಲ್ಲಿ ಗುಳಿ ಇದೆ. ಎಷ್ಟೋ ಸೈಕಲ್ಲುಗಳಲ್ಲಿ ಈ ಕಪ್ಪನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ತೆಗೆಯಲೇಬೇಕಾದರೆ ಎಚ್ಚರ: ಇಂಗ್ಲಿಷ್ ಮಾದರಿಯಲ್ಲಿ ಇದರ ಥ್ರೆಡ್ ಉಲ್ಟಾ. ಬಲಗಡೆ ನಿಂತು ನೋಡಿದಾಗ ಗಡಿಯಾರದ ದಿಕ್ಕಿಗೇ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಸ್ಪ್ಯಾನರ್ ಹಿಡಿಯಲು ಅದಕ್ಕಿರುವುದು ತೆಳುವಾದ ಎರಡು ಚಪ್ಪಟೆ ಮಗ್ಗುಲುಗಳು ಮಾತ್ರ; ಪೈಪ್ ರೆಂಚ್ ಹಾಕಿದರೆ ಜಾರಿ ಜಾರಿ ದುಂಡಗಾಗುತ್ತವೆ.

ಇಲ್ಲಿ ನಡೆಯುವ ಉಪಾಯ ಒಂದು ಬೋಲ್ಟಿನದು. ಅಚ್ಚು ಹಾಯುವ ರಂಧ್ರದಲ್ಲಿ ಹಿಡಿಸುವ, ಸುಮಾರು 16 ಮಿ.ಮೀ. ದಪ್ಪದ ಬೋಲ್ಟನ್ನು ಹೊರಗಿನಿಂದ ತೂರಿಸಿ. ಹೊರಗೊಂದು, ಒಳಗೊಂದು ದಪ್ಪ ವಾಷರ್ ಹಾಕಿ; ಒಳಗಿನದು ಕಪ್ಪಿನ ಒಳಕ್ಕೆ ಕೂರುವಷ್ಟು ಚಿಕ್ಕದು, ರಂಧ್ರದಿಂದ ಹೊರಬಾರದಷ್ಟು ದೊಡ್ಡದು. ಒಳಗಿನಿಂದ ನಟ್ಟು ಹಾಕಿ, ಎಡಗಡೆಯಿಂದ ಸಾಕೆಟ್ ತೂರಿಸಿ ಅದನ್ನು ಹಿಡಿದು, ಹೊರಗೆ ಬೋಲ್ಟಿನ ತಲೆಯನ್ನು ಗಡಿಯಾರದ ದಿಕ್ಕಿಗೆ ಎಷ್ಟು ಸಾಧ್ಯವೋ ಅಷ್ಟು ಬಿಗಿ ಮಾಡಿ. ಆಮೇಲೆ ನಟ್ಟು ಬಿಟ್ಟು, ಬೋಲ್ಟಿನ ತಲೆಯನ್ನೇ ಉದ್ದ ಪೈಪ್ ತೊಡಿಸಿದ ಸ್ಪ್ಯಾನರಿನಿಂದ ಅದೇ ದಿಕ್ಕಿಗೆ ತಿರುಗಿಸಿ. ಬೋಲ್ಟು ಬಿಗಿಯಾಗುವ ದಿಕ್ಕೂ ಕಪ್ ಬಿಚ್ಚುವ ದಿಕ್ಕೂ ಒಂದೇ ಆದದ್ದರಿಂದ, ಬಲ ಹಾಕಿದಷ್ಟೂ ಹಿಡಿತ ಹೆಚ್ಚುತ್ತದೆ, ಕೊನೆಗೆ ಕಪ್ಪೇ ತಿರುಗುತ್ತದೆ.

ಹೊಸ ಕಪ್ ಕೊಳ್ಳುವಾಗ ಒಂದು ಮಾತು. ನಾಟಿಂಗ್‌ಹ್ಯಾಮಿನ ಹಳೆಯ ರ‍್ಯಾಲಿಗಳಲ್ಲಿ ಇಂಚಿಗೆ 26 ಥ್ರೆಡ್, ಬೇರೆ ಇಂಗ್ಲಿಷ್ ಮಾದರಿಗಳಲ್ಲಿ 24. ಒಂದಕ್ಕೊಂದು ಹಿಡಿದಂತೆ ಕಂಡರೂ ಬಲವಂತ ಮಾಡಿದರೆ ಫ್ರೇಮಿನ ಥ್ರೆಡ್ ಹಾಳಾಗುತ್ತದೆ.

ಹ್ಯಾಂಡಲ್

ಹ್ಯಾಂಡಲಿನ ಕಂಬದ ತಲೆಯಲ್ಲಿರುವ ಬೋಲ್ಟು ಒಳಗೆ ಕೆಳತುದಿಯಲ್ಲಿರುವ ಒಂದು ಬೆಣೆಯನ್ನು ಎಳೆದು ಹಿಡಿದಿರುತ್ತದೆ. ಬೋಲ್ಟನ್ನು ಪೂರ್ತಿ ಬಿಚ್ಚದೆ ನಾಲ್ಕು ಸುತ್ತು ಸಡಿಲಿಸಿ, ತಲೆಯ ಮೇಲೆ ಮರದ ತುಂಡಿಟ್ಟು ಒಂದು ಪೆಟ್ಟು ಹಾಕಿ. ಬೋಲ್ಟು ಕೆಳಗಿಳಿದರೆ ಬೆಣೆ ಬಿಟ್ಟಿತೆಂದು ಅರ್ಥ. ರಾಡ್ ಬ್ರೇಕಿನ ಸರಳುಗಳನ್ನು ಕಳಚಿಟ್ಟು, ಮುಂಚಕ್ರವನ್ನು ಮೊಣಕಾಲ ನಡುವೆ ಒತ್ತಿ ಹಿಡಿದು ಹ್ಯಾಂಡಲನ್ನು ಅತ್ತಿತ್ತ ತಿರುಚುತ್ತಾ ಮೇಲೆತ್ತಿ. ಬರದಿದ್ದರೆ ಸೈಕಲ್ಲನ್ನು ತಲೆಕೆಳಗಾಗಿಸಿ, ಫೋರ್ಕಿನ ತಲೆಯ ಕೆಳಬಾಯಿಯಿಂದ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಮೇಲಿನಿಂದ ಎಷ್ಟು ಬಿಟ್ಟರೂ ಸಿಗದ ಫಲ ಇದರಲ್ಲಿ ಸಿಗುತ್ತದೆ.

ಸೀಟಿನ ಕಂಬ

ಸೀಟಿನ ಕಂಬಕ್ಕೂ ಅದೇ ಉಪಾಯ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಕ್ರ್ಯಾಂಕ್ ಅಚ್ಚು ಬಿಚ್ಚಿದ ಕೊಳವೆಯೊಳಗಿಂದ ಸೀಟಿನ ಕೊಳವೆಗೆ ಎಣ್ಣೆ ಸುರಿದರೆ ಅದು ಕಂಬದ ತುದಿಯ ಸುತ್ತ ನಿಲ್ಲುತ್ತದೆ. ಕ್ರ್ಯಾಂಕಿನ ಕೆಲಸವನ್ನು ಮೊದಲೇ ಮುಗಿಸಿಕೊಳ್ಳಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಎಣ್ಣೆ ಇಳಿದ ಮೇಲೆ ಕಂಬವನ್ನು ಹಿಡಿದಿರುವ ಬಿಗಿ ಬೋಲ್ಟನ್ನು ಪೂರ್ತಿ ತೆಗೆದು, ಲಗ್ಗಿನ ಸೀಳಿನಲ್ಲಿ ಸ್ಕ್ರೂ ಡ್ರೈವರ್ ತೂರಿಸಿ ಕೂದಲಷ್ಟು ಅಗಲಿಸಿ. ಹೆಚ್ಚು ಅಗಲಿಸಿದರೆ ಲಗ್ ಸೀಳುತ್ತದೆ. ಕಂಬವನ್ನು ಮೇಲೆ ಎಳೆಯುವ ಯೋಚನೆ ಬಿಡಿ. ಮೊದಲು ತಿರುಗಬೇಕು, ತಿರುಗಿದ್ದು ತಾನಾಗಿ ಬರುತ್ತದೆ. ಹಳೆಯ ಕೆಲಸಕ್ಕೆ ಬಾರದ ಸೀಟನ್ನು ಗಟ್ಟಿಯಾಗಿ ಬಿಗಿದು ಅದನ್ನೇ ಹಿಡಿಯಾಗಿ ಬಳಸಿ ತಿರುಚಿ ನೋಡಿ. ಆಗದಿದ್ದರೆ ಚಕ್ರಗಳನ್ನು ಕಳಚಿ, ಫ್ರೇಮನ್ನು ಉಲ್ಟಾ ಮಾಡಿ ಕಂಬದ ದಪ್ಪ ಭಾಗವನ್ನು ಬೆಂಚ್ ವೈಸಿಗೆ ಕಚ್ಚಿಸಿ, ಇಡೀ ಫ್ರೇಮನ್ನೇ ಸನ್ನೆಯಂತೆ ಹಿಡಿದು ತಿರುಗಿಸಿ. ಜರ್ಕು ಬೇಡ, ಅತ್ತ ಒಂದಿಷ್ಟು ಇತ್ತ ಒಂದಿಷ್ಟು. ಕಿರ್ರೆನ್ನುವ ಸದ್ದು ಬಂದರೆ ಗೆದ್ದಂತೆ. ಅಲ್ಲಿಗೆ ನಿಲ್ಲಿಸಿ ಮತ್ತೆ ಎಣ್ಣೆ ಬಿಟ್ಟು ಮುಂದುವರಿಸಿ.

ಇದಕ್ಕೂ ಬಗ್ಗದಿದ್ದರೆ ಕಂಬವನ್ನು ಬಲಿಕೊಡುವ ಸಮಯ. ಲಗ್ಗಿನಿಂದ ಒಂದು ಇಂಚು ಮೇಲೆ ಕತ್ತರಿಸಿ. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ಕೊಳವೆಯಾಕಾರದ ಕಂಬದ ಒಳಗಿನಿಂದ ಉದ್ದಕ್ಕೆ ಸೀಳಿ. ಇದೊಂದು ಸಂಜೆಯ ಕೆಲಸ, ಅವಸರಕ್ಕೆ ಎಡೆಯಿಲ್ಲ. ಬ್ಲೇಡು ಕಂಬವನ್ನು ದಾಟಿ ಫ್ರೇಮಿಗೆ ತಾಗುವ ಹೊತ್ತಿಗೆ ಕೈಗೆ ಬೇರೆ ಬಿಗಿ ಸಿಗುತ್ತದೆ, ಪುಡಿಯ ಬಣ್ಣವೂ ತುಕ್ಕು ಕೆಂಪಿಗೆ ತಿರುಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಸೀಳು ಕೆಳತುದಿಯವರೆಗೆ ಹೋದ ಮೇಲೆ ಇಕ್ಕಳದಿಂದ ಅಂಚನ್ನು ಒಳಕ್ಕೆ ಮಡಚಿದರೆ ಕಂಬ ಕುಗ್ಗಿ ಹೊರಬರುತ್ತದೆ.

ಅಲ್ಯೂಮಿನಿಯಂ ಕಂಬ ಹಾಕಿದ ಇತ್ತೀಚಿನ ಉಕ್ಕಿನ ಫ್ರೇಮುಗಳಿದ್ದರೆ ಬಿಸಿ ಮಾಡಬೇಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ಇನ್ನೂ ಬಿಗಿಯಾಗುತ್ತದೆ. ಕಂಬದೊಳಗೆ ಐಸ್ ತುಂಬಿ ತಣಿಸಿ ತಿರುಚುವುದು ಅಲ್ಲಿನ ದಾರಿ.

ಫ್ರೀವೀಲ್

ಫ್ರೀವೀಲಿನ ಥ್ರೆಡ್ ಸಾಮಾನ್ಯದ್ದೇ, ಆದರೆ ಪೆಡಲ್ ತುಳಿದ ಪ್ರತಿ ಸಲವೂ ಅದು ಬಿಗಿಯಾಗುತ್ತಾ ಹೋಗಿರುತ್ತದೆ. ಅದರ ಮುಖದಲ್ಲಿ ಎರಡೋ ನಾಲ್ಕೋ ಕಚ್ಚುಗಳಿದ್ದರೆ ಅದಕ್ಕೆ ಹೊಂದುವ ರಿಮೂವರ್ ಸೈಕಲ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ರಿಮೂವರನ್ನು ಕಚ್ಚಿಗೆ ಕೂರಿಸಿ, ಜಾರದಂತೆ ಆಕ್ಸಲಿನ ನಟ್ಟಿನಿಂದಲೇ ಒತ್ತಿ ಹಿಡಿದು, ವೈಸಿಗೆ ಕಚ್ಚಿಸಿ. ಚಕ್ರ ಈಗ ಅಡ್ಡಲಾಗಿ ಮೇಲಿರುತ್ತದೆ. ರಿಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಬಸ್ಸಿನ ಸ್ಟೀರಿಂಗನ್ನು ತಿರುಗಿಸಿದಂತೆ, ಮೇಲಿನಿಂದ ನೋಡಿದಾಗ ಗಡಿಯಾರಕ್ಕೆ ವಿರುದ್ಧವಾಗಿ ತಿರುಗಿಸಿ. ಬಿಟ್ಟ ಕೂಡಲೇ ಆಕ್ಸಲ್ ನಟ್ಟನ್ನು ಸಡಿಲಿಸಿ, ಇಲ್ಲದಿದ್ದರೆ ಅದೇ ತಡೆಯಾಗುತ್ತದೆ.

ಕಚ್ಚು ಕಿತ್ತುಹೋಗಿದ್ದರೆ ಫ್ರೀವೀಲನ್ನು ಬಿಡಿಬಿಡಿಯಾಗಿಸಬೇಕು. ಅದರ ಮುಖದ ಮೇಲೆ ಎರಡು ಸಣ್ಣ ಕುಳಿಗಳಿರುವ ಒಂದು ರಿಂಗ್ ಇದೆ. ಅದರ ಥ್ರೆಡ್ ಉಲ್ಟಾ. ಕುಳಿಗೆ ಪಂಚ್ ಇಟ್ಟು ಗಡಿಯಾರದ ದಿಕ್ಕಿಗೆ ಹೊಡೆಯಿರಿ. ರಿಂಗ್ ಬಂದರೆ ಹಲ್ಲುಗಳಿರುವ ಹೊರಗಿನ ಭಾಗ ಎದ್ದು ಬರುತ್ತದೆ, ಸಾಸಿವೆಗಿಂತ ತುಸು ದೊಡ್ಡ ಗುಂಡುಗಳು ಚೆಲ್ಲಾಡುತ್ತವೆ. ಹಬ್ಬಿಗೆ ಅಂಟಿ ಉಳಿದ ಒಳಭಾಗವನ್ನು ನೇರವಾಗಿ ವೈಸಿಗೆ ಕಚ್ಚಿಸಿ ಚಕ್ರ ತಿರುಗಿಸಿದರೆ ಹಿಡಿತ ತಪ್ಪುವ ಪ್ರಶ್ನೆಯೇ ಇಲ್ಲ. ಫ್ರೀವೀಲ್ ಹೋಯಿತು, ಹಬ್ ಉಳಿಯಿತು.

ಹಿಂಚಕ್ರದ ಹಬ್ ದಪ್ಪಗಿದ್ದು ಅದರ ಮೇಲೆ ಸ್ಟರ್ಮಿ ಆರ್ಚರ್ ಎಂದು ಬರೆದಿದ್ದರೆ ಅದು ಬಹುಮಟ್ಟಿಗೆ ಮೂರು ಗೇರಿನ ಹಬ್. ಆಕ್ಸಲಿನ ರಂಧ್ರದಿಂದ ಹೊರಬಂದಿರುವ ಪುಟ್ಟ ಸರಪಣಿಯನ್ನು ಮೊದಲು ತಿರುಗಿಸಿ ತೆಗೆದಿಡಿ, ಆಕ್ಸಲಿನ ತುದಿಗೆ ಸುತ್ತಿಗೆ ತಾಗಿಸಬೇಡಿ. ಹಬ್ಬಿನ ಹೊರಮೈಯಲ್ಲಿ ಅದು ತಯಾರಾದ ವರ್ಷವನ್ನು ಒತ್ತಿರುವುದುಂಟು. ಧೂಳು ಒರೆಸಿ ನೋಡಿದರೆ ನಿಮ್ಮ ಸೈಕಲ್ಲಿನ ವಯಸ್ಸು ಗೊತ್ತಾಗಬಹುದು.

ಮೂಲೆ ಸವೆದ ನಟ್ಟುಗಳು

ಬಿಚ್ಚುವ ಮೊದಲು ಒಮ್ಮೆ ಬಿಗಿಯಾಗುವ ಕಡೆಗೇ ನೂಲಿನಷ್ಟು ತಿರುಗಿಸಿ ನೋಡಿ, ತುಕ್ಕಿನ ಹಿಡಿತ ಅದರಿಂದಲೇ ಬಿಡುವುದುಂಟು. ಮೂಲೆ ಸವೆದಿದ್ದರೆ ಅರದಿಂದ ಎದುರುಬದುರಿನ ಎರಡು ಮಗ್ಗುಲನ್ನು ಚಪ್ಪಟೆ ಮಾಡಿ ಸಣ್ಣ ಅಳತೆಯ ಸ್ಪ್ಯಾನರ್ ಹಾಕಿ. ಅದಕ್ಕೂ ಬರದಿದ್ದರೆ ನಟ್ಟಿನ ಒಂದು ಮಗ್ಗುಲನ್ನು ಹ್ಯಾಕ್ಸಾದಿಂದ ಥ್ರೆಡ್ಡಿನ ಹತ್ತಿರದವರೆಗೆ ಕೊಯ್ದು, ಆ ಸೀಳಿಗೆ ಉಳಿ ಇಟ್ಟು ಹೊಡೆದು ಒಡೆಯಿರಿ. ಮಡ್‌ಗಾರ್ಡ್, ಕ್ಯಾರಿಯರ್, ಚೈನ್ ಕವರಿನ ಸಣ್ಣ ಬೋಲ್ಟುಗಳಿಗೆ ಇಷ್ಟು ಸಮಯ ಹಾಕುವ ಅಗತ್ಯವಿಲ್ಲ, ನೇರವಾಗಿ ಕತ್ತರಿಸಿ.

ಮತ್ತೆ ಜೋಡಿಸುವಾಗ

ಸೀಟಿನ ಕಂಬ, ಹ್ಯಾಂಡಲಿನ ಕಂಬ, ಪೆಡಲ್ ಮತ್ತು ಫ್ರೀವೀಲಿನ ಥ್ರೆಡ್ ಎಲ್ಲಕ್ಕೂ ಗ್ರೀಸ್ ಸವರಿ ಹಾಕಿ. ಎರಡು ಕಾಟರ್ ಪಿನ್‌ಗಳು ಒಂದಕ್ಕೊಂದು ಎದುರು ದಿಕ್ಕಿನಿಂದ ಹೋಗಬೇಕು: ಬಲ ಕ್ರ್ಯಾಂಕ್ ಮುಂದೆ ಬಂದಾಗ ಅದರ ನಟ್ಟು ಮೇಲಿದ್ದರೆ, ಎಡ ಕ್ರ್ಯಾಂಕ್ ಮುಂದೆ ಬಂದಾಗ ಅದರ ನಟ್ಟೂ ಮೇಲೆಯೇ ಇರಬೇಕು. ಇಲ್ಲದಿದ್ದರೆ ಎರಡು ಕ್ರ್ಯಾಂಕುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಪಿನ್ನನ್ನು ನಟ್ಟಿನ ಬಲದಿಂದ ಎಳೆದು ಕೂರಿಸಲು ಹೋದರೆ ಥ್ರೆಡ್ ಕಿತ್ತುಬರುತ್ತದೆ. ಅದೇ ಪೈಪಿನ ಆಸರೆಯಲ್ಲಿ ಸುತ್ತಿಗೆಯಿಂದ ಹೊಡೆದು ಕೂರಿಸಿ, ಆಮೇಲೆ ನಟ್ಟು ಬಿಗಿಯಿರಿ. ನಾಲ್ಕೈದು ಕಿಲೋಮೀಟರ್ ಓಡಿಸಿ ಬಂದ ಮೇಲೆ ಪಿನ್ನಿಗೆ ಇನ್ನೊಂದು ಪೆಟ್ಟು ಹಾಕಿ ನಟ್ಟನ್ನು ಮತ್ತೊಮ್ಮೆ ಬಿಗಿ ಮಾಡುವುದನ್ನು ಮರೆಯಬೇಡಿ. ಹೊಸ ಪಿನ್ ಮೊದಲ ಸವಾರಿಯಲ್ಲಿ ಸ್ವಲ್ಪ ಇಳಿದು ಸಡಿಲಾಗುತ್ತದೆ.